ನೈಲಾಳ ಮಡಕೆಗೆ ಬಿದ್ದ ನಾಲ್ಕು ಹನಿ ಗಂಧ

ನನ್ನ ಮೊಮ್ಮಗಳು ನೈಲಾಗೆ ಸೈಪ್ರಸ್ ದ್ವೀಪದಿಂದ ಕರೆ ಬಂದಿದೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಮೆಡಿಟರೇನಿಯನ್ ಸಮುದ್ರದ ಮಧ್ಯೆ ಇರುವ ಆ ದ್ವೀಪದಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಸುಗಂಧದ ಎಣ್ಣೆ ಮಾಡುತ್ತಿದ್ದರಂತೆ. ಅಲ್ಲಿ ನೆಲ ಅಗೆದು ಹಳೆಯ ಮಡಕೆ ಕುಡಿಕೆ ಹುಡುಕುವ ಒಂದು ತಂಡದವರು ಮೊನ್ನೆ ಶುಕ್ರವಾರ ಬೆಳಿಗ್ಗೆ ಅವಳಿಗೆ ಕಾಗದ ಕಳಿಸಿದರು, ಬರುವ ಬೇಸಿಗೆಗೆ ಬಾ, ನಮ್ಮ ಜೊತೆ ಕೆಲಸ ಮಾಡು ಎಂದು. ಕಾಗದ ಎಂದರೆ ಫೋನಿನಲ್ಲಿ ಬಂದದ್ದು. ನಾನು ಅದನ್ನು ಅವಳ ಕೈಯಲ್ಲಿ ಮೂರು ಸಲ ಓದಿಸಿದೆ. ಮೊದಲ ಸಲ ಇಂಗ್ಲಿಷಿನಲ್ಲಿ ಓದಿದಳು, ಎರಡನೇ ಸಲ ಕನ್ನಡದಲ್ಲಿ ಬಿಡಿಸಿ ಹೇಳಿದಳು, ಮೂರನೇ ಸಲ ನಾನು ಕೇಳಿಸಿಕೊಳ್ಳಲೇ ಇಲ್ಲ, ಅವಳ ಮುಖ ನೋಡುತ್ತಾ ಕೂತಿದ್ದೆ.

ನಾನು ಓದಿದ್ದು ನಾಲ್ಕನೇ ತರಗತಿಯವರೆಗೆ, ಮೈಸೂರಿನ ಕನ್ನಡ ಶಾಲೆಯಲ್ಲಿ. ಐದನೆಯದಕ್ಕೆ ಹೋಗುವ ಬದಲು ಅಪ್ಪನ ಅತ್ತರಿನ ಬಟ್ಟಿಮನೆಗೆ ಹೋದೆ. ಅಲ್ಲಿಂದ ಮಂಡಿ ಕೈಕೊಡುವವರೆಗೆ ತಾಮ್ರದ ಹಂಡೆಯ ಮುಂದೆಯೇ ನನ್ನ ಆಯಸ್ಸು ಕಳೆಯಿತು. ಮನೆಯಲ್ಲಿ ಉರ್ದುವನ್ನೂ ಕನ್ನಡವನ್ನೂ ಕಲಸಿ ಮಾತಾಡುತ್ತೇವೆ, ಆದರೆ ಬರೆಯಲು ಬರುವುದು ಕನ್ನಡ ಒಂದೇ. ನಮ್ಮ ಬೀದಿಯ ಡಾಕ್ಟರ್ ಶ್ರೀಕಂಠಯ್ಯನವರು ನೀವು ಬರೆಯಲೇಬೇಕು ಸಾಹೇಬರೆ ಎಂದು ಗಂಟುಬಿದ್ದರು, ಹಾಗಾಗಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಕಾಗದ ಓದಿ ಮುಗಿಸಿದ ಮೇಲೆ ನೈಲಾ ಫ್ರಿಜ್ಜಿನ ಒಳಮೂಲೆಯಿಂದ ಒಂದು ಪುಟ್ಟ ಸೀಸೆ ತೆಗೆದು, ಬೆರಳಲ್ಲಿ ಅದ್ದಿ ನನ್ನ ಮಣಿಕಟ್ಟಿಗೆ ಸವರಿದಳು. ಮೊದಲು ಪೈನ್ ಮರದ ಅಂಟಿನ ವಾಸನೆ. ಅದು ಸರಿದ ಮೇಲೆ ಕೊತ್ತಂಬರಿ ಬೀಜ, ಅದರ ಹಿಂದೆ ಬಿಸಿ ಬೂದಿಯ ಹತ್ತಿರ ಕೂತರೆ ಬರುವಂಥ ಒಂದು ಬೆಚ್ಚನೆಯ ಘಮ. ಹೋದ ವರ್ಷದ ಬೇಸಿಗೆ ಪೂರ್ತಿಯಾಗಿ ನನ್ನ ಮುಂದೆ ಬಂದು ನಿಂತಿತು. ಅದನ್ನೇ ಈಗ ಹೇಳುತ್ತೇನೆ.

ನಾವಿರುವುದು ಅಮೆರಿಕದ ಸುವಾನಿಯಲ್ಲಿ, ಅಟ್ಲಾಂಟಾ ಊರಿನ ಹತ್ತಿರ, ಮಗಳ ಮನೆಯಲ್ಲಿ. ಮಗಳು ಶಹನಾಜ್ ಆಸ್ಪತ್ರೆಯಲ್ಲಿ ನರ್ಸು. ಅಳಿಯ ಇರ್ಫಾನ್ ಬೆಂಗಳೂರಿನವನು, ಅಲ್ಫರೆಟಾದ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ಕೊರೋನಾ ಬಂದು ಹೋದ ಮೇಲೆ ವಾರದಲ್ಲಿ ಎರಡು ದಿನ ಮನೆಯಿಂದಲೇ ಮಾಡುತ್ತಾನೆ. ನೈಲಾ ಅವರ ಒಬ್ಬಳೇ ಮಗಳು, ಕಾಲೇಜಿನಲ್ಲಿ ಕೊನೆಯ ವರ್ಷ. ನನ್ನನ್ನು ನಾನಾ, ಅಜ್ಜಿಯನ್ನು ನಾನಿ ಎಂದು ಕರೆಯುತ್ತಾಳೆ. ಅವಳು ಓದುವುದು ಹಳೆಯ ಕಾಲದ ಸಾಮಾನುಗಳ ವಿಷಯ, ಅದರ ಜೊತೆಗೆ ಕೆಮಿಸ್ಟ್ರಿ. ಇರ್ಫಾನ್‌ಗೆ ಅದರಲ್ಲಿ ಕೆಮಿಸ್ಟ್ರಿ ಮಾತ್ರ ಕಾಣಿಸುತ್ತಿತ್ತು. ಮಗಳು ಫಾರ್ಮಸಿ ಓದಲಿ, ಒಂದು ಗಟ್ಟಿ ಕೆಲಸ ಹಿಡಿಯಲಿ ಎಂಬುದು ಅವನ ಆಸೆ. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಹುಡುಗಿಯ ಮನಸ್ಸು ಆ ದ್ವೀಪದ ಮಡಕೆಗಳಲ್ಲಿ ಕೂತಿತ್ತು.

ಅಪ್ಪ ಮಗಳ ನಡುವೆ ಆದ ಮಾತು ಹೀಗೆ. ಈ ಒಂದು ಬೇಸಿಗೆ ನಿನ್ನದು, ಇದರಲ್ಲಿ ಏನಾದರೂ ಆದರೆ ನೋಡೋಣ, ಇಲ್ಲವಾದರೆ ಫಾರ್ಮಸಿ. ಅವಳ ಪ್ರೊಫೆಸರಮ್ಮ ಕೊಟ್ಟ ಕೆಲಸವೂ ನೇರವಾಗಿತ್ತು. ಆ ದ್ವೀಪದವರು ಮಾಡುತ್ತಿದ್ದ ಸುಗಂಧದ ಎಣ್ಣೆಯನ್ನು ನೀನು ಮಾಡು. ಮಣ್ಣಿನ ಮಡಕೆ, ಆಲಿವ್ ಎಣ್ಣೆ, ಅಲ್ಲಿ ಬೆಳೆಯುತ್ತಿದ್ದ ಗಿಡಮೂಲಿಕೆ, ಕೆಂಡ. ಅವರ ಬಳಿ ಇಲ್ಲದ ಒಂದು ಹನಿಯೂ ಒಳಗೆ ಹೋಗಬಾರದು. ಆಗಸ್ಟಿನಲ್ಲಿ ಕಾಲೇಜು ಶುರುವಾಗುವ ಮೊದಲು ಒಂದು ಸೀಸೆ ತಂದುಕೊಡು, ಲ್ಯಾಬಿನಲ್ಲಿ ನೋಡುತ್ತೇವೆ, ಸರಿ ಬಂದಿದ್ದರೆ ದ್ವೀಪದ ತಂಡಕ್ಕೆ ನಾನೇ ಬರೆಯುತ್ತೇನೆ.

ನೈಲಾ ಇದನ್ನು ನನಗೆ ಹೇಳಿದ ದಿನ ನನ್ನ ಎದೆ ಉಬ್ಬಿಹೋಯಿತು. ಈ ಮನೆಯಲ್ಲಿ ಅತ್ತರು ಬಲ್ಲವನು ನಾನೊಬ್ಬನೇ. ನಾನು ಕೇಳಿದ ಮೊದಲ ಪ್ರಶ್ನೆ, ಅವರ ಹಂಡೆ ತಾಮ್ರದ್ದೋ ಎಂದು. ಅವಳು ನಕ್ಕಳು. ತಾಮ್ರ ಆ ದ್ವೀಪದಲ್ಲಿ ರಾಶಿ ಸಿಗುತ್ತಿತ್ತಂತೆ, ಇಂಗ್ಲಿಷಿನಲ್ಲಿ ತಾಮ್ರಕ್ಕಿರುವ ಹೆಸರೇ ಆ ದ್ವೀಪದ ಹೆಸರಿನಿಂದ ಹುಟ್ಟಿದ್ದಂತೆ. ಆದರೂ ಸುಗಂಧದ ಕೆಲಸ ಮಣ್ಣಿನ ಪಾತ್ರೆಯಲ್ಲಿ. ಒಂದೇ ದೊಡ್ಡ ಕಟ್ಟಡದಲ್ಲಿ ಆಲಿವ್ ಅರೆಯುವ ಗಾಣ, ಪಕ್ಕದಲ್ಲೇ ತಾಮ್ರ ಕರಗಿಸುವ ಜಾಗ, ಇನ್ನೊಂದು ಮಗ್ಗುಲಲ್ಲಿ ನೆಲದಲ್ಲಿ ಗುಂಡಿ ತೋಡಿ ಕೆಂಡ ಹಾಕಿ ಕೂರಿಸುವ ಹೂಜಿಗಳು, ಬಟ್ಟಲುಗಳು, ಆಲಿಕೆಗಳು. ಒಂದು ದಿನ ಭೂಕಂಪವಾಗಿ ಗೋಡೆಗಳು ಇವುಗಳ ಮೇಲೆಯೇ ಕುಸಿದವು. ಹಾಗೆ ಮುಚ್ಚಿಹೋದದ್ದರಿಂದಲೇ ಈಗಿನವರಿಗೆ ಸಿಕ್ಕಿತು. ಅಲ್ಲಿ ಸಿಕ್ಕ ಕೆಲವು ಪಾತ್ರೆಗಳನ್ನು ಬಟ್ಟಿ ಇಳಿಸುವವು ಎನ್ನುವವರೂ ಇದ್ದಾರೆ, ಅಲ್ಲ ಎಂದು ಜಗಳವಾಡುವವರೂ ಇದ್ದಾರೆ. ನೈಲಾಳ ಪ್ರೊಫೆಸರಮ್ಮ ಅಲ್ಲ ಎನ್ನುವ ಕಡೆಯವರು. ಹೂವು ಎಲೆಗಳನ್ನು ಎಣ್ಣೆಯಲ್ಲಿ ನೆನೆಸಿ ಬೆಚ್ಚಗೆ ಇಡುತ್ತಿದ್ದರು, ಅಷ್ಟೇ ಎಂಬುದು ಅವರ ಲೆಕ್ಕಾಚಾರ. ನನಗೆ ಅದು ಹಿಡಿಸಲಿಲ್ಲ. ಆವಿ ಇಲ್ಲದೆ ಎಂಥ ಅತ್ತರು ಎಂದುಕೊಂಡೆ. ಬಾಯಿ ಬಿಟ್ಟು ಹೇಳಲಿಲ್ಲ, ಮುಖದಲ್ಲಿ ಮಾತ್ರ ತೋರಿಸಿದೆ.

ಸಾಮಾನಿಗೆ ನಾವು ದೂರ ಹೋಗಬೇಕಾಗಲಿಲ್ಲ. ಪೈನ್ ಮರ ಸುವಾನಿಯಲ್ಲಿ ಯಾರ ಮನೆಯ ಹಿಂದೆ ಇಲ್ಲ ಹೇಳಿ. ಅದರ ತೊಗಟೆಯಿಂದ ಅಂಟು ಕೆರೆದು ತಂದೆವು. ರೋಸ್‌ಮೇರಿ ಎಂಬ ಗಿಡವನ್ನು ಇಲ್ಲಿಯವರು ಅಂಗಳದ ಬೇಲಿಗೆ ಹಾಕುತ್ತಾರೆ, ಕಡಲೆಕಾಳಿನಷ್ಟೂ ಬೆಲೆಯಿಲ್ಲದ ಹಾಗೆ ಕತ್ತರಿಸಿ ಎಸೆಯುತ್ತಾರೆ. ಕೊತ್ತಂಬರಿ ಬೀಜ ಇಂಡಿಯನ್ ಅಂಗಡಿಯದು. ಆ ಸೀಮೆಯ ಹಳೆಯ ಮಣ್ಣಿನ ಹಲಗೆಗಳಲ್ಲಿ ಸುಗಂಧದ ಎಣ್ಣೆಯ ಮಾತು ಬರುವಲ್ಲಿ ಕೊತ್ತಂಬರಿಯ ಹೆಸರೂ ಇದೆಯಂತೆ. ಇದನ್ನು ಕೇಳಿ ನನ್ನ ಹೆಂಡತಿ ಖೈರೂನ್, ನಮ್ಮ ಸಾರಿನ ಪುಡಿ ಅವರಿಗೆ ಅತ್ತರಾಗಿತ್ತಾ ಎಂದು ಕೇಳಿ ಒಳಗೆ ಹೋದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಮರ್ಯಾದೆ ಹೋಗುವುದು ಇಲ್ಲಿಯೇ.

ಜೂನ್ ತಿಂಗಳು ಪೂರ್ತಿ ನೈಲಾ ಗ್ಯಾರೇಜಿನಲ್ಲಿ ಮಡಕೆ ಇಟ್ಟುಕೊಂಡು ಕೂತಳು. ಪ್ರತಿ ಎಲೆಯನ್ನೂ ನಲ್ಲಿಯ ಕೆಳಗೆ ಮೂರು ಸಲ ತೊಳೆದು, ಎಣ್ಣೆಗೆ ಹಾಕಿ, ಕೆಂಡದ ಮೇಲಿಟ್ಟು ಕುದಿಸುವಳು. ಒಂದು ಮಡಕೆ ಹುಳಿ ಬಂತು. ಇನ್ನೊಂದು ಸೀದುಹೋಯಿತು. ಮೂರನೆಯದು ಹುಳಿಯೂ ಇಲ್ಲ, ಸೀದೂ ಇಲ್ಲ, ಆದರೆ ಮೂಗಿಗೆ ಹಿಡಿದರೆ ಉಪ್ಪಿನಕಾಯಿ ಭರಣಿ ತೆರೆದ ಹಾಗೆ. ಅವಳು ಸೋತ ಮುಖದಲ್ಲಿ ಊಟಕ್ಕೆ ಬರುವಳು.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಕಸುಬಿನಲ್ಲಿ ಗಂಧದೆಣ್ಣೆಗೆ ಜಮೀನು ಎನ್ನುತ್ತೇವೆ. ಗುಲಾಬಿಯಾಗಲಿ, ಮಲ್ಲಿಗೆಯಾಗಲಿ, ಕೇದಗೆಯಾಗಲಿ, ಅದರ ವಾಸನೆ ಬಂದು ಇಳಿದು ಬೇರು ಬಿಡುವುದು ಗಂಧದೆಣ್ಣೆಯಲ್ಲಿ. ಜಮೀನಿಲ್ಲದ ವಾಸನೆ ಅರ್ಧ ದಿನದಲ್ಲಿ ಹಾರಿಹೋಗುತ್ತದೆ. ನಮ್ಮ ಅಪ್ಪ ಬಡಕಲು ಅತ್ತರಿನ ಮೂತಿ ನೋಡಿದರೆ ಸಾಕು, ಗಂಧ ಹಾಕು ಎಂದುಬಿಡುತ್ತಿದ್ದರು. ಅರವತ್ತು ವರ್ಷ ಕೈ ಅದನ್ನೇ ಮಾಡಿದೆ. ಒಂದು ಮಧ್ಯಾಹ್ನ ನೈಲಾ ಲೈಬ್ರರಿಗೆ ಹೋಗಿದ್ದಳು. ನಾನು ಆ ಮೂರನೇ ಮಡಕೆಯ ಮುಚ್ಚಳ ತೆಗೆದು ಮೂಸಿದೆ. ಪಾಪ ಎನ್ನಿಸಿತು, ಮಡಕೆಯ ಮೇಲೆ. ನನ್ನ ಪೆಟ್ಟಿಗೆಯಲ್ಲಿ ಮೈಸೂರಿನಿಂದ ತಂದ ಗಂಧದೆಣ್ಣೆಯ ಸಣ್ಣ ಸೀಸೆ ಇತ್ತು. ನಾಲ್ಕು ಹನಿ ಬಿಟ್ಟು, ಕಡ್ಡಿಯಲ್ಲಿ ತಿರುವಿ, ಮುಚ್ಚಳ ಮುಚ್ಚಿ, ಅಸರ್ ನಮಾಜಿಗೆ ಹೋದೆ. ಬಿಸಿಲಲ್ಲಿ ನಿಂತ ಮಗುವಿಗೆ ಕೊಡೆ ಹಿಡಿದಷ್ಟು ಸಮಾಧಾನವಿತ್ತು ನನಗೆ.

ಮಾರನೇ ದಿನ ನೈಲಾ ಮುಚ್ಚಳ ತೆಗೆದಳು. ಗ್ಯಾರೇಜಿನಿಂದ ಓಡಿಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಆಯಿತು ನಾನಾ, ಬಂತು, ಮೂರನೇದರಲ್ಲಿ ಬಂತು ಎಂದಳು. ರಾತ್ರಿ ನೆನೆದದ್ದಕ್ಕೆ ವಾಸನೆ ಕಟ್ಟಿಕೊಂಡಿದೆ ಎಂದು ಅವಳ ಎಣಿಕೆ. ನಾಲ್ಕೇ ಹನಿ, ಗಂಧವೆಂದು ಬೇರೆಯಾಗಿ ಮೂಗಿಗೆ ಸಿಗುವಂತಿರಲಿಲ್ಲ. ಪ್ರೊಫೆಸರಮ್ಮನಿಗೆ ಫೋನ್ ಮಾಡಿ ಹೇಳಿಯೂಬಿಟ್ಟಳು. ಇರ್ಫಾನ್ ಬಂದು ಮೂಸಿ ನೋಡಿ, ನಾಟ್ ಬ್ಯಾಡ್ ಎಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು. ನಾನು ನಕ್ಕೆ. ಮಾಡಿದ್ದು ಎಂಥ ತಪ್ಪೆಂದು ಆಗ ಗೊತ್ತಾಗಲಿಲ್ಲ.

ಗೊತ್ತುಮಾಡಿಸಿದವರು ಶ್ರೀಕಂಠಯ್ಯನವರು. ಅವರೂ ಮೈಸೂರಿನವರೇ, ಐವತ್ತು ವರ್ಷದ ಹಿಂದೆ ಈ ದೇಶಕ್ಕೆ ಬಂದ ಡಾಕ್ಟರು, ಈಗ ನಿವೃತ್ತರು. ಬೆಳಿಗ್ಗೆ ನಾವಿಬ್ಬರೂ ಬೀದಿ ಸುತ್ತುತ್ತೇವೆ. ನಾನು ಜಂಬದಲ್ಲಿ ನಾಲ್ಕು ಹನಿಯ ಕತೆ ಹೇಳಿದೆ, ಮೊಮ್ಮಗಳಿಗೆ ತಿಳಿಯದ ಹಾಗೆ ಹೇಗೆ ಕಾಪಾಡಿದೆ ನೋಡಿ ಎಂದು. ಅವರು ನಿಂತುಬಿಟ್ಟರು.

"ಸಾಹೇಬ್ರೆ, ಆ ದ್ವೀಪದಲ್ಲಿ ಗಂಧದ ಮರ ಎಲ್ಲಿತ್ತು? ಲ್ಯಾಬಿನಲ್ಲಿ ಅದು ಸಿಕ್ಕೇ ಸಿಗುತ್ತೆ. ಆಗ ಏನಾಗುತ್ತೆ ಗೊತ್ತಾ, ಹುಡುಗಿ ಮೋಸ ಮಾಡಿದಳು ಅಂತಾಗುತ್ತೆ. ಸೀಸೆ ಕೆಟ್ಟರೆ ಇನ್ನೊಂದು ಮಾಡಬಹುದು. ಹೆಸರು ಕೆಟ್ಟರೆ ಆ ಕೆಲಸದೊಳಗೆ ಅವಳನ್ನ ಯಾರೂ ಸೇರಿಸಲ್ಲ."

ಸುತ್ತು ಅರ್ಧಕ್ಕೇ ಬಿಟ್ಟು ಮನೆಗೆ ಬಂದೆ. ಅಡುಗೆಮನೆಯಲ್ಲಿ ಇರ್ಫಾನ್ ಒಬ್ಬನನ್ನು ಬಿಟ್ಟು ಎಲ್ಲರೂ ಇದ್ದರು. ಖೈರೂನ್ ಚಪಾತಿ ಲಟ್ಟಿಸುತ್ತಿದ್ದಳು, ಶಹನಾಜ್ ಡ್ಯೂಟಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದಳು, ನೈಲಾ ಸೀಸೆಗೆ ಅಂಟಿಸುವ ಚೀಟಿ ಬರೆಯುತ್ತಿದ್ದಳು. ಹೇಳಿಬಿಟ್ಟೆ. ಚಪಾತಿಯ ಲಟ್ಟಣಿಗೆ ನಿಂತಿತು.

"ಎಷ್ಟು ಡ್ರಾಪ್ಸ್ ನಾನಾ?" ಎಂದಳು ನೈಲಾ. ದನಿ ಏರಿಸಲಿಲ್ಲ.

"ನಾಲ್ಕು."

"ವೈ?"

"ವಾಸನೆ ಬಡವಾಗಿತ್ತು ಬೇಟಾ."

ಅವಳು ಬರೆದ ಚೀಟಿಯನ್ನು ನಾಲ್ಕಾಗಿ ಮಡಿಸಿದಳು. "ಇಟ್ ವಾಸ್ ಸಪೋಸ್ಡ್ ಟು ಬಿ ಬಡವ, ನಾನಾ. ಅವರ ಹತ್ರ ಅಷ್ಟೇ ಇದ್ದದ್ದು."

ಶಹನಾಜ್ ನನ್ನ ಕಡೆ ನೋಡಿದ ನೋಟ ಹೇಳುವಂಥದ್ದಲ್ಲ. ಅಪ್ಪನನ್ನು ಮಗಳು ಬಯ್ಯುವ ಹಾಗಿಲ್ಲ, ಅದರಿಂದ ಚಹಾ ಲೋಟ ಜೋರಾಗಿ ಇಟ್ಟಳು. ಆಮೇಲೆ ನಾನು ಹೇಳಿದೆ, ನಾಳೆ ನನ್ನನ್ನು ನಿಮ್ಮ ಪ್ರೊಫೆಸರಮ್ಮನ ಹತ್ತಿರ ಕರೆದುಕೊಂಡು ಹೋಗು, ತಪ್ಪು ಮಾಡಿದ ಬಾಯಿಯೇ ಹೇಳಲಿ. ಬೇಡ ನಾನಾ, ಇಮೇಲ್ ಮಾಡ್ತೀನಿ ಎಂದಳು. ನಾನು ಬಿಡಲಿಲ್ಲ.

ಪ್ರೊಫೆಸರಮ್ಮ ಎತ್ತರದ ಹೆಂಗಸು, ಬಿಳಿ ಕೂದಲು, ಕಾಲಲ್ಲಿ ಗದ್ದೆ ಕೆಲಸಕ್ಕೆ ಹೊರಟವರ ಹಾಗೆ ಬೂಟು. ನಾನು ಕನ್ನಡದಲ್ಲಿ ಹೇಳಿದೆ, ನೈಲಾ ಇಂಗ್ಲಿಷಿಗೆ ತಿರುಗಿಸಿದಳು. ನನ್ನ ತಪ್ಪನ್ನು ಚಿಕ್ಕದು ಮಾಡಿ ಹೇಳುತ್ತಿದ್ದಾಳೇನೋ ಎಂಬ ಅನುಮಾನ ಬಂದು ನಾಲ್ಕು ಬೆರಳು ಎತ್ತಿ ತೋರಿಸಿ, ಎದೆ ಮುಟ್ಟಿಕೊಂಡು, ನಾನು, ಅವಳಲ್ಲ ಎಂದು ಸನ್ನೆ ಮಾಡಿದೆ. ಆಯಮ್ಮ ನನ್ನ ಕೈಗಳನ್ನೇ ನೋಡಿದರು. ಬಟ್ಟಿಮನೆಯ ಕೈ, ಬೆರಳ ತುದಿ ಸುಟ್ಟು ಸುಟ್ಟು ಗೆರೆಯೇ ಇಲ್ಲ. ಕೊನೆಗೆ ಹೇಳಿದ್ದು ಇಷ್ಟು, ಅದನ್ನು ಚೆಲ್ಲಿ, ಮೊದಲಿಂದ ಮಾಡಿ, ಇನ್ನೂ ಮೂರು ವಾರ ಇದೆ, ಹೆಚ್ಚಿಗೆ ಒಂದು ದಿನವನ್ನೂ ಕೊಡುವುದಿಲ್ಲ.

ಮೂರು ವಾರ. ಒಂದು ತಿಂಗಳಲ್ಲಿ ಬಾರದ್ದು ಮೂರು ವಾರದಲ್ಲಿ ಬರಬೇಕು. ಆ ದಿನ ಮಧ್ಯಾಹ್ನ ಗ್ಯಾರೇಜಿನಲ್ಲಿ ನಾನೂ ನೈಲಾಳೂ ಖಾಲಿ ಮಡಕೆಯ ಮುಂದೆ ಕೂತಿದ್ದೆವು. ಖೈರೂನ್ ಒಗೆದ ಬಟ್ಟೆ ತೆಗೆದುಕೊಳ್ಳಲು ಬಂದವಳು ನಮ್ಮನ್ನು ನೋಡಿ ನಿಂತಳು.

"ನಲವತ್ತೇಳು ವರ್ಷ ಆಯ್ತು ನಿಮ್ಮನ್ನ ಕಟ್ಕೊಂಡು. ವಾಸನೆ ವಿಷಯದಲ್ಲಿ ಒಂದು ದಿನ ಆದ್ರೂ ನನ್ನ ಕೇಳಿದ್ರಾ? ಇದು ಅತ್ತರಲ್ಲ. ಇದು ತಲೆಗೆಣ್ಣೆ. ನಮ್ಮಮ್ಮ ಕೊಳ್ಳೇಗಾಲದಲ್ಲಿ ಮದುವೆ ಹೆಣ್ಣುಗಳಿಗೆ ಕಾಯಿಸ್ತಿದ್ದದ್ದು. ನೀವು ನೀರಿನ ಆವಿ ಜೊತೆ ಬರೋ ವಾಸನೆ ಹಿಡಿಯೋರು, ಎಣ್ಣೆ ಒಳಗಿನ ವಾಸನೆ ನಿಮಗೇನು ಗೊತ್ತು."

ನೈಲಾ ತಲೆ ಎತ್ತಿದಳು. "ನಾನಿ, ಕೂತ್ಕೊಳ್ಳಿ," ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ನಾನು ನೆಲದ ಮೇಲೆಯೇ ಇದ್ದೆ, ಅಲ್ಲೇ ಉಳಿದೆ.

ಖೈರೂನ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ತೊಳೆದ ಹಸಿ ಎಲೆಯನ್ನು ಎಣ್ಣೆಗೆ ಹಾಕಿದರೆ ಎಲೆಯ ನೀರು ಎಣ್ಣೆಯನ್ನು ಹುಳಿ ಮಾಡುತ್ತದೆ. ಧೂಳಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಹಗಲು ನೆರಳಲ್ಲಿ ಬಾಡಿಸಬೇಕು. ಎಣ್ಣೆಯನ್ನು ಬರೀ ಎಣ್ಣೆಯಾಗಿ ಇಟ್ಟರೆ ಅದು ತನ್ನ ವಾಸನೆಯನ್ನೇ ಬಿಡುವುದಿಲ್ಲ, ಬೇರೆಯವರ ವಾಸನೆ ಹೇಗೆ ಹಿಡಿದೀತು. ಅದಕ್ಕೆ ಮೊದಲು ಜಜ್ಜಿದ ಕೊತ್ತಂಬರಿ ಬೀಜ ಹಾಕಿ ಎರಡು ದಿನ ಬೆಚ್ಚಗಿಟ್ಟು ಸೋಸಿಬಿಡಬೇಕು. ಆಗ ಎಣ್ಣೆಯ ಜಿಡ್ಡು ವಾಸನೆ ಮುರಿಯುತ್ತದೆ, ಅದಕ್ಕೆ ಹಸಿವಾಗುತ್ತದೆ. ಆಮೇಲೆ ಎಲೆ. ಎಲೆ ಸಪ್ಪೆಯಾದ ತಕ್ಷಣ ಹಿಂಡಿ ತೆಗೆದು ಹೊಸ ಎಲೆ, ಅದೂ ಸಪ್ಪೆಯಾದರೆ ಮತ್ತೆ ಹೊಸದು. ಕುದಿ ಮಾತ್ರ ಬರಲೇಕೂಡದು. ಕುದ್ದರೆ ಪಕೋಡ ಕರಿಯೋದಕ್ಕೆ ಇಟ್ಟುಕೊಳ್ಳಿ ಎಂದಳು.

ನೈಲಾ ಎದ್ದು ಹೋಗಿ ತನ್ನ ಪುಸ್ತಕ ತಂದು ಏನೋ ಹುಡುಕಿದಳು. ಆ ಸಮುದ್ರದ ಸುತ್ತಿನ ಹಳೆಯ ಕಾಲದವರೂ ಎಣ್ಣೆಯನ್ನು ಮೊದಲು ಒಗರು ಬೀಜ ಬೇರುಗಳಲ್ಲಿ ನೆನೆಸಿ ಹದ ಮಾಡುತ್ತಿದ್ದರು ಎಂದು ಅದರಲ್ಲಿತ್ತಂತೆ. ಅವಳು ಅದನ್ನು ಹತ್ತು ಸಲ ಓದಿದ್ದಳು, ಆದರೆ ಅದು ಯಾಕೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ನಾನಿಯನ್ನು ಹೇಗೆ ನೋಡಿದಳು ಗೊತ್ತೇ, ನಾನು ಅಷ್ಟು ವರ್ಷ ಅತ್ತರು ಇಳಿಸಿದ್ದರೂ ನನ್ನ ಕಡೆ ಯಾರೂ ಹಾಗೆ ನೋಡಿಲ್ಲ.

ಹಿತ್ತಲಿನಲ್ಲಿ ಗುಂಡಿ ತೋಡಿದೆವು. ಇಲ್ಲಿ ಜಾರ್ಜಿಯಾ ರಾಜ್ಯದ ಮಣ್ಣು ಕೆಂಪು, ನಮ್ಮ ಕಡೆಯ ಹಾಗೆಯೇ, ಸನಿಕೆಗೆ ಅಂಟುವುದೂ ಹಾಗೆಯೇ. ಗುಂಡಿಯ ತಳಕ್ಕೆ ಕೆಂಡ, ಕೆಂಡದ ಮೇಲೆ ಬೂದಿ, ಬೂದಿಯಲ್ಲಿ ಕುತ್ತಿಗೆಯವರೆಗೆ ಮಡಕೆ. ದ್ವೀಪದವರೂ ಹೀಗೆಯೇ ಇಡುತ್ತಿದ್ದರಂತೆ. ಇಲ್ಲಿಂದ ಮುಂದಿನ ಕೆಲಸ ನನ್ನದು, ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಬೆಂಕಿಯ ಹದ ನನಗಿಂತ ಬಲ್ಲವರು ಈ ಊರಿನಲ್ಲಿ ಇಲ್ಲ. ಮಡಕೆಯ ಬಾಯಿಯ ಮೇಲೆ ಅಂಗೈ ಹಿಡಿದು ಬಿಸ್ಮಿಲ್ಲಾ ಹತ್ತು ಸಲ ಹೇಳುವಷ್ಟು ಹೊತ್ತು ತಾಳಬೇಕು, ಹನ್ನೊಂದನೆಯದಕ್ಕೆ ಕೈ ತಾನಾಗಿ ಸರಿಯಬೇಕು. ಬೇಗ ಸರಿದರೆ ಕೆಂಡ ಹೆಚ್ಚು, ಸರಿಯದಿದ್ದರೆ ಕಡಿಮೆ. ನೈಲಾ ಗಾಜಿನ ಕಡ್ಡಿ ಇಳಿಸಿ ಡಿಗ್ರಿ ನೋಡಿ ಬರೆದುಕೊಳ್ಳುವಳು. ದಿನವೂ ಒಂದೇ ಅಂಕಿ. ಒಂದು ದಿನ ಎರಡು ಡಿಗ್ರಿ ಬೇರೆ ಬಂತು. ಕಡ್ಡಿ ಕೆಟ್ಟಿದೆ ಎಂದೆ.

ಎಲೆ ಬಿಡಿಸುತ್ತಾ ಕೂತಾಗ ಅವಳು ಆ ದ್ವೀಪದ ಮುಂದಿನ ಕತೆಗಳನ್ನು ಹೇಳುವಳು. ಭೂಕಂಪದಿಂದ ಆ ಕಟ್ಟಡ ಬಿದ್ದಿತೇ ಹೊರತು ಕಸುಬು ಬೀಳಲಿಲ್ಲ. ಅಲ್ಲಿ ಬೆಟ್ಟದ ಮೇಲೆ ಬೆಳೆಯುವ ಒಂದು ಪೊದೆಯ ಎಲೆಯಲ್ಲಿ ಬಿಸಿಲಿಗೆ ಅಂಟು ಒಸರುತ್ತದೆ. ಮೇಯಲು ಹೋದ ಆಡುಗಳ ಗಡ್ಡಕ್ಕೆ ಅದು ಮೆತ್ತಿಕೊಳ್ಳುತ್ತದೆ. ಆಡು ಕಾಯುವವರು ಗಡ್ಡ ಬಾಚಿ ಆ ಅಂಟು ತೆಗೆದು ಸುಗಂಧದವರಿಗೆ ಕೊಡುತ್ತಿದ್ದರು. ಇದನ್ನು ಕೇಳಿ ಖೈರೂನ್ ನನ್ನ ಗಡ್ಡದ ಕಡೆ ನೋಡಿ, ಇದರಿಂದ ಏನಾದ್ರೂ ಬರುತ್ತಾ ಬಾಚಿ ನೋಡೋಣ ಎಂದಳು. ಎಷ್ಟೋ ಕಾಲದ ಮೇಲೆ ಯುದ್ಧಕ್ಕೆಂದು ಬಂದ ಯುರೋಪಿನವರು ಆ ದ್ವೀಪದ ವಾಸನೆಯನ್ನು ತಮ್ಮ ಊರುಗಳಿಗೆ ಕೊಂಡುಹೋದರು. ಸುಗಂಧದ ಪುಡಿಯನ್ನು ಕಲಸಿ ಪುಟ್ಟ ಹಕ್ಕಿಗಳ ಹಾಗೆ ಮಾಡಿ, ಒಣಗಿಸಿ, ಮನೆಯಲ್ಲಿ ಹೊತ್ತಿಸುತ್ತಿದ್ದರಂತೆ, ನಮ್ಮ ಊದುಬತ್ತಿಯ ಹಾಗೆ. ಇವತ್ತಿಗೂ ಫ್ರಾನ್ಸಿನವರು ಒಂದು ಬಗೆಯ ಸುಗಂಧಕ್ಕೇ ಆ ದ್ವೀಪದ ಹೆಸರಿಟ್ಟು ಮಾರುತ್ತಾರೆ. ಕೊಳ್ಳುವವರಿಗೆ ಆಡಿನ ಗಡ್ಡ ಗೊತ್ತಿಲ್ಲ.

ನನ್ನನ್ನು ಹೆಚ್ಚು ಹಿಡಿದದ್ದು ಆ ಮೊದಲಿನ ಗುಂಡಿಗಳೇ. ಅಲ್ಲಿ ಕೂತು ಕೆಲಸ ಮಾಡಿದವರು ಗಂಡಸರೋ ಹೆಂಗಸರೋ ಯಾರಿಗೂ ಗೊತ್ತಿಲ್ಲ ಎಂದಳು ನೈಲಾ. ನನಗೆ ಗೊತ್ತು ಎಂದೆ. ಒಬ್ಬಳು ಹೇಳುತ್ತಿದ್ದಳು, ಒಬ್ಬ ಕೆಂಡ ಸರಿಸುತ್ತಿದ್ದ.

ಹೊಗೆ ನೋಡಿ ಬಡಾವಣೆಯ ಕಮಿಟಿಯಿಂದ ಇರ್ಫಾನ್‌ಗೆ ಇಮೇಲ್ ಬಂತು, ನಿಮ್ಮ ಹಿತ್ತಲಲ್ಲಿ ಏನು ಸುಡುತ್ತಿದ್ದೀರಿ ಎಂದು. ಮುಗಿಯಿತು, ಮುಚ್ಚಿಸುತ್ತಾನೆ ಎಂದುಕೊಂಡೆವು. ಅವನು ಬಾರ್ಬೆಕ್ಯೂ ಎಂದು ಒಂದೇ ಪದ ಬರೆದು ಕಳಿಸಿದ. ಈ ದೇಶದಲ್ಲಿ ಬಾರ್ಬೆಕ್ಯೂ ಎಂದರೆ ಎಂಥ ಹೊಗೆಗೂ ಮಾಫಿ ಇದೆ. ಅವನು ಮಗಳ ಪರವಾಗಿ ಮಾಡಿದ ಮೊದಲ ಕೆಲಸ ಅದು.

ಎರಡನೇ ವಾರದ ಕೊನೆಯಲ್ಲಿ, ಆರನೇ ಸಲದ ಎಲೆ ಮಡಕೆಯಲ್ಲಿದ್ದಾಗ, ಮಳೆ ಬಂತು. ಇಲ್ಲಿಯ ಬೇಸಿಗೆ ಮಳೆ ನೋಡಿದವರಿಗೆ ಗೊತ್ತು. ಮಧ್ಯಾಹ್ನ ಮೂರು ಗಂಟೆಯವರೆಗೆ ಆಕಾಶ ನೀಲಿ, ಮೂರು ಹತ್ತಕ್ಕೆ ಕಪ್ಪು, ಮೂರೂಕಾಲಿಗೆ ಹಂಡೆ ಬೋರಲು ಹಾಕಿದ ಹಾಗೆ. ಬಿಸಿ ಮಡಕೆಗೆ ತಣ್ಣೀರು ಬಿದ್ದರೆ ಸೀಳಿಹೋಗುತ್ತದೆ. ಮಡಕೆಯನ್ನು ಎತ್ತೋಣವೆಂದರೆ ಬೂದಿಯೊಳಗೆ ಕೂತಿದೆ, ಬಟ್ಟೆಯಿಲ್ಲದೆ ಮುಟ್ಟುವ ಹಾಗಿಲ್ಲ. ನಾನು ಅಂಗಿ ಬಿಚ್ಚಿ ಅದರ ಮೇಲೆ ಹಿಡಿದೆ, ನೈಲಾ ತನ್ನ ಬೆನ್ನು ಬಾಗಿಸಿ ಅಡ್ಡ ನಿಂತಳು. ಆಗ ಹಿಂಬಾಗಿಲು ತೆರೆದು ಇರ್ಫಾನ್ ಬಂದ. ಕಿವಿಗೆ ಮೀಟಿಂಗಿನ ಹೆಡ್‌ಸೆಟ್ಟು, ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮನೆಯ ಚಡ್ಡಿ. ಹಿತ್ತಲ ಮೇಜಿನ ದೊಡ್ಡ ಕೊಡೆಯನ್ನು ಕಬ್ಬಿಣದ ಬುಡದ ಸಮೇತ ತಬ್ಬಿಕೊಂಡು ಎಳೆದು ತಂದು ಗುಂಡಿಯ ಮೇಲೆ ನಿಲ್ಲಿಸಿ, ಹಾರಿಹೋಗದ ಹಾಗೆ ಅದರ ಕಂಬ ಹಿಡಿದು ನಿಂತ. ಮಳೆ ನಿಲ್ಲುವವರೆಗೆ ನಿಂತ. ನಡುನಡುವೆ ಹೆಡ್‌ಸೆಟ್ಟಿನೊಳಗೆ ಯೆಸ್, ಅಗ್ರೀಡ್ ಎನ್ನುತ್ತಿದ್ದ. ಮಡಕೆ ಉಳಿಯಿತು. ಅವನು ಕೆಸರು ಕಾಲಲ್ಲಿ ಒಳಗೆ ಹೋಗುವಾಗ ಬಾಗಿ ಒಮ್ಮೆ ಮೂಸಿ ನೋಡಿ, "ಈ ಸಲ ಗಂಧ ಇಲ್ಲ ತಾನೇ ಮಾಮಾ?" ಎಂದ. ಹುಸಿನಗೆ ಇತ್ತು. ನಾನು ತಲೆ ತಗ್ಗಿಸಿದೆ, ಆದರೆ ನನಗೂ ನಗು ಬಂತು.

ಎಂಟನೇ ಸಲದ ಎಲೆ ಹಿಂಡಿ ತೆಗೆದು, ಪೈನಿನ ಅಂಟನ್ನು ಕೊನೆಗೆ ಕರಗಿಸಿ, ಹತ್ತಿಬಟ್ಟೆಯಲ್ಲಿ ಸೋಸಿದಾಗ ಹಸಿರು ಬೆರೆತ ಹೊಂಬಣ್ಣದ ಎಣ್ಣೆ ಇಳಿಯಿತು. ಖೈರೂನ್ ಒಂದು ಹನಿಯನ್ನು ನೈಲಾಳ ಬೈತಲೆಗೆ ಇಟ್ಟಳು. ವಾಸನೆ ದೊಡ್ಡದಾಗಿರಲಿಲ್ಲ. ಅತ್ತರಿನ ಹಾಗೆ ಬಾಗಿಲು ತಳ್ಳಿಕೊಂಡು ಬರುವಂಥದ್ದಲ್ಲ. ಹತ್ತಿರ ಹೋದರೆ ಮಾತ್ರ ಸಿಗುವಂಥದ್ದು, ಸಿಕ್ಕರೆ ಬಿಡದಂಥದ್ದು. ಮಾರನೇ ದಿನ ಅವಳ ತಲೆದಿಂಬಿನಲ್ಲಿಯೂ ಇತ್ತು. ಅರವತ್ತು ವರ್ಷದ ಕಸುಬಿನವನು ನಾನು ಹೇಳುತ್ತೇನೆ, ಅದಕ್ಕೆ ಒಂದು ಹನಿ ಗಂಧವೂ ಬೇಕಿರಲಿಲ್ಲ.

ಆಗಸ್ಟಿನಲ್ಲಿ, ಗಡುವಿಗೆ ಎರಡು ದಿನ ಇರುವಾಗಲೇ, ಸೀಸೆ ಕೊಟ್ಟು ಬಂದಳು. ಲ್ಯಾಬಿನಲ್ಲಿ ಆಲಿವ್, ಕೊತ್ತಂಬರಿ, ಪೈನು, ರೋಸ್‌ಮೇರಿ ಸಿಕ್ಕವು, ಬೇರೇನೂ ಸಿಗಲಿಲ್ಲ. ಪ್ರೊಫೆಸರಮ್ಮ ಹೇಳಿದಂತೆ ದ್ವೀಪದ ತಂಡಕ್ಕೆ ಬರೆದರು. ಆಮೇಲೆ ಆ ಕಡೆಯಿಂದ ಸದ್ದಿಲ್ಲ. ಮರಗಳ ಎಲೆ ಉದುರಿತು, ಚಳಿ ಬಂತು, ಹೋಯಿತು. ನೈಲಾ ಅಪ್ಪನಿಗೆ ಕೊಟ್ಟ ಮಾತಿನಂತೆ ಫಾರ್ಮಸಿಗೂ ಅರ್ಜಿ ಹಾಕಿದಳು, ಅಲ್ಲಿ ಸೀಟೂ ಸಿಕ್ಕಿತು. ಆ ಪಾಠ ಶುರುವಾಗುವುದು ಬರುವ ಬೇಸಿಗೆಯಲ್ಲೇ. ಹಾಗಾಗಿ ಮೊನ್ನೆ ಶುಕ್ರವಾರ ಬೆಳಿಗ್ಗೆ ಬಂದ ಕಾಗದ ನಮ್ಮ ಮನೆಗೆ ಹಬ್ಬವೂ ಆಯಿತು, ಒಂದು ಪ್ರಶ್ನೆಯೂ ಆಯಿತು. ಎರಡರಲ್ಲಿ ಒಂದಕ್ಕೆ ಮಾತ್ರ ಹೋಗಬಹುದು. ನೈಲಾ ಕಾಗದವನ್ನು ಇರ್ಫಾನ್‌ಗೆ ಕಳಿಸಿದಳು. ಅವನು ಅಲ್ಫರೆಟಾದ ಆಫೀಸಿನಿಂದ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದ, ಅಷ್ಟೇ. ಅವಳು ಹಗಲೆಲ್ಲ ಅದನ್ನೇ ತೆಗೆದು ತೆಗೆದು ನೋಡಿದಳು. ನಾನು ಮಾತ್ರ ಧೈರ್ಯವಾಗಿದ್ದೆ. ಜಡಿಮಳೆಯಲ್ಲಿ ಕೊಡೆಯ ಕಂಬ ಹಿಡಿದು ನಿಂತವನ ಕೈ ನಾನು ನೋಡಿದ್ದೇನಲ್ಲ.

ಸಂಜೆ ಖೈರೂನ್ ಬಗಾರಾ ಅನ್ನ, ಬೇಳೆಗೆ ಮಾಂಸ ಹಾಕಿದ ದಾಲ್ಚಾ ಮಾಡಿದಳು. ಶಹನಾಜ್ ಡ್ಯೂಟಿ ಬದಲಾಯಿಸಿಕೊಂಡು ಬಂದು ಶಾವಿಗೆ ಪಾಯಸಕ್ಕೆ ಹಾಲು ಕಾಯಿಸಿದಳು. ಇರ್ಫಾನ್‌ಗೆ ಹೈವೇ ಟ್ರಾಫಿಕ್ಕಿನಲ್ಲಿ ತಡವಾಯಿತು, ಅವನು ಬಂದು ಕೈ ತೊಳೆದು ಕೂರುವವರೆಗೆ ಯಾರೂ ತಟ್ಟೆ ಮುಟ್ಟಲಿಲ್ಲ. ನಾಲ್ಕು ತುತ್ತು ತಿಂದ. ಮೂಳೆಯನ್ನು ತಟ್ಟೆಯ ಅಂಚಿಗೆ ಸರಿಸಿದ. ಮಗಳ ಕಡೆ ನೋಡದೆ ಕೇಳಿದ.

"ಪಾಸ್‌ಪೋರ್ಟ್ ಯಾವಾಗ ಎಕ್ಸ್‌ಪೈರ್ ಆಗುತ್ತೆ, ಚೆಕ್ ಮಾಡಿದ್ಯಾ?"

ನೈಲಾ ಇಲ್ಲ ಎಂದು ತಲೆಯಾಡಿಸಿದಳು.

"ನಾಳೆ ನೋಡೋಣ. ಫಾರ್ಮಸಿ ಕಾಲೇಜಿನವರ ಹತ್ರ ನಾನೇ ಮಾತಾಡ್ತೀನಿ. ಒಂದು ವರ್ಷ ಕಾಯೋದಾದ್ರೆ ಕಾಯಲಿ, ಇಲ್ಲಾಂದ್ರೆ ಬೇಡ."

ಅವಳು ಈಗಲೇ ತರುತ್ತೇನೆ ಎಂದು ಎದ್ದಳು. ಊಟದ ಮಧ್ಯೆ ಏಳಬಾರದು ಎಂದು ಶಹನಾಜ್ ಕೈ ಹಿಡಿದು ಕೂರಿಸಿದಳು, ಕೂರಿಸಿದ ಮೇಲೂ ಕೈ ಬಿಡಲಿಲ್ಲ. ಖೈರೂನ್ ಕೇಳದೆ ಅಳಿಯನ ತಟ್ಟೆಗೆ ಇನ್ನೊಂದು ಸೌಟು ದಾಲ್ಚಾ ಬಡಿಸಿದಳು. ಅವನು ಬೇಡ ಎನ್ನಲಿಲ್ಲ. ನೈಲಾ ಎಡಗೈಯನ್ನು ಅಮ್ಮನಿಗೆ ಬಿಟ್ಟು ಬಲಗೈಯಲ್ಲಿ ಅನ್ನ ಕಲಸಿದಳು, ನಾವು ಐದೂ ಜನ ಪಾತ್ರೆಯ ತಳ ಕಾಣುವವರೆಗೆ ಉಂಡೆವು.